ಒಂದು ಭಾನುವಾರವೋ, ದಿನವೂ ಒಂದಿಷ್ಟೋ: ಸೋರಿಯಾಸಿಸ್‌ನ ಮೂರು ಮದ್ದುಗಳು

ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಯಾವ ಮಾತ್ರೆ ಒಳ್ಳೆಯದು ಎಂದು ಕೇಳಿದವರಿಗೆ, ನೀವು ಮಾಡುವ ಕೆಲಸ ಏನು ಎಂದು ನಾನು ಮೊದಲು ಕೇಳುತ್ತೇನೆ. ಮಚ್ಚೆ ಎಷ್ಟು ಇಳಿಯಿತು ಎಂಬುದನ್ನು ವೈದ್ಯರು ನೋಡಿ ಹೇಳುತ್ತಾರೆ. ಆ ಮಾತ್ರೆ ನಮ್ಮ ದಿನದಲ್ಲಿ ಯಾವ ಹೊತ್ತನ್ನು ಕಿತ್ತುಕೊಳ್ಳುತ್ತದೆ ಎಂಬುದು ನುಂಗಿದವರಿಗೇ ಗೊತ್ತು.

ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಮೇಷ್ಟ್ರು. ಮೊಣಕೈ, ಮೊಣಕಾಲು, ಬೆನ್ನು, ನೆತ್ತಿಯ ಮೇಲೆ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಗಿನ ಹೊಟ್ಟು. ಮಾಗಿಯ ಚಳಿ ಶುರುವಾದರೆ ಇನ್ನಷ್ಟು. ಇದು ಅಂಟುರೋಗವಲ್ಲ, ಬುಡಸಮೇತ ವಾಸಿಯಾಗುವ ರೋಗವೂ ಅಲ್ಲ. ಮೈಸೂರಿನ ಚರ್ಮವೈದ್ಯರ ಸಲಹೆಯಂತೆ ಅಸಿಟ್ರೆಟಿನ್, ಮೆಥೋಟ್ರೆಕ್ಸೇಟ್, ಅಪ್ರೆಮಿಲಾಸ್ಟ್ ಮೂರನ್ನೂ ಬೇರೆ ಬೇರೆ ಕಾಲದಲ್ಲಿ ತೆಗೆದುಕೊಂಡಿದ್ದೇನೆ. ವಾರಕ್ಕೆ ಎರಡು ಮೂರು ಸಲ ಯಂತ್ರದ ಮುಂದೆ ನಿಂತು ಬೆಳಕು ಹಾಯಿಸಿಕೊಳ್ಳುವ ಚಿಕಿತ್ಸೆಯೂ ಇದೆ. ಆದರೆ ಶಾಲೆ ಬಿಟ್ಟು ಅಷ್ಟು ಸಲ ಮೈಸೂರಿಗೆ ಹೋಗಿಬರುವುದು ನನ್ನಿಂದಾಗದ ಮಾತು. ಹತ್ತಿರದಲ್ಲೇ ಇರುವವರು ಅದನ್ನು ಖಂಡಿತ ಕೇಳಿ ನೋಡಬೇಕು.

ಅಸಿಟ್ರೆಟಿನ್ ಎ ಜೀವಸತ್ವದ ಬಳಗಕ್ಕೆ ಸೇರಿದ್ದು. ದಿನಕ್ಕೊಂದು ಕ್ಯಾಪ್ಸೂಲ್, ಊಟದ ಜೊತೆಗೆ. ಬರಿಹೊಟ್ಟೆಯಲ್ಲಿ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದು ಮೊದಲು ಹಿಡಿದದ್ದು ತುಟಿಯನ್ನು. ತುಟಿ ಒಣಗಿ, ಬಿರಿದು, ಬಾಯಿಯ ಮೂಲೆಯಲ್ಲಿ ಸೀಳಿಕೊಂಡಿತು. ಮುದ್ದೆಗೆ ಉಪ್ಪೆಸರು ಮಾಡಿದ ದಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ಬೆಳಿಗ್ಗೆ ಮುಖ ತೊಳೆಯುವಾಗ ಮೂಗಿನಿಂದ ರಕ್ತದ ಎಳೆ ಬರುತ್ತಿತ್ತು. ಆಮೇಲೆ ಅಂಗೈಯ ಸಿಪ್ಪೆ ಸುಲಿಯತೊಡಗಿತು. ಕೆಳಗಿನ ಹೊಸ ಚರ್ಮ ತೆಳ್ಳಗೆ, ನುಣುಪಾಗಿ, ಸದಾ ಅಂಟಂಟಾಗಿ ಇರುತ್ತಿತ್ತು. ಸೀಮೆಸುಣ್ಣ ಹಿಡಿದರೆ ಅದರ ಪುಡಿ ಬೆರಳ ತುದಿಗೆ ಮೆತ್ತಿಕೊಂಡು ತೊಳೆದರೂ ಬಿಡುತ್ತಿರಲಿಲ್ಲ. ಉತ್ತರಪತ್ರಿಕೆ ತಿದ್ದುವಾಗ ಹಾಳೆಯ ಅಂಚು ಸವರಿದರೂ ಗೀರು ಬೀಳುತ್ತಿತ್ತು. ಆಧಾರ್‌ಗೆಂದು ಹೆಬ್ಬೆರಳು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಬಾಚಣಿಗೆಯ ತುಂಬ ಕೂದಲು. ಯಾವುದೂ ದೊಡ್ಡ ನೋವಲ್ಲ. ಆದರೆ ಯಾವುದಕ್ಕೂ ಒಂದು ದಿನದ ರಜೆ ಇಲ್ಲ.

ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳ ವಿಚಾರದಲ್ಲಿ ಈ ಔಷಧದ ಮಾತೇ ಬೇರೆ. ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುತ್ತದೆ. ನಿಲ್ಲಿಸಿದ ಮೇಲೂ 3 ವರ್ಷ ಗರ್ಭ ಧರಿಸುವಂತಿಲ್ಲ. ಗಂಡಸಾಗಲಿ ಹೆಂಗಸಾಗಲಿ, ಅಷ್ಟು ಕಾಲ ರಕ್ತದಾನವನ್ನೂ ಮಾಡಬಾರದು. ಒಬ್ಬರ ಚೀಟಿ ನೋಡಿ ಇನ್ನೊಬ್ಬರು ತಂದು ನುಂಗುವ ಅಭ್ಯಾಸ ನಮ್ಮ ಕಡೆ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೆಥೋಟ್ರೆಕ್ಸೇಟ್ ಇದಕ್ಕೆ ತದ್ವಿರುದ್ಧ. “ಮೇಷ್ಟ್ರೇ, ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೆ ಕುತ್ತು” ಎಂದು ವೈದ್ಯರು ಚೀಟಿಯ ಮೇಲೆ ‘ಶನಿವಾರ’ ಎಂದು ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಬೇರೊಂದು ದಿನ ಫೋಲಿಕ್ ಆಮ್ಲದ ಮಾತ್ರೆ. ಶನಿವಾರ ಬೆಳಗಿನ ಶಾಲೆ ಮುಗಿದಿರುತ್ತದೆ, ಮರುದಿನ ರಜೆ ಎಂಬ ಲೆಕ್ಕದಲ್ಲಿ ಆ ದಿನ ಆರಿಸಿದ್ದು. ಆದರೆ ಮಂಡ್ಯದಲ್ಲಿ ಭಾನುವಾರವೆಂದರೆ ಬಾಡೂಟದ ದಿನ. ಅಕ್ಕಪಕ್ಕದ ಮನೆಗಳಲ್ಲಿ ಮಸಾಲೆ ಹುರಿಯುವ ವಾಸನೆ ಎದ್ದರೆ ನನಗೆ ಹೊಟ್ಟೆ ತೊಳಸಿ, ಬಾಯಲ್ಲಿ ನೀರು ತುಂಬಿ, ಮುಸುಕು ಹಾಕಿಕೊಂಡು ಮಲಗಬೇಕಾಗುತ್ತಿತ್ತು. ಅನ್ನ ಮಜ್ಜಿಗೆ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ. ಕೆಲವು ತಿಂಗಳಾದ ಮೇಲೆ ಆ ಹಳದಿ ಮಾತ್ರೆಯನ್ನು ಕಂಡರೆ ಸಾಕು, ನುಂಗುವ ಮೊದಲೇ ಓಕರಿಕೆ. “ರೀ, ಇವತ್ತು ಶನಿವಾರ” ಎಂದು ಹೆಂಡತಿ ನೆನಪಿಸಿದರೂ ಹೊಟ್ಟೆ ಹಿಂಡುತ್ತಿತ್ತು.

ಇದನ್ನು ಹೇಳಿಕೊಂಡಾಗ ವೈದ್ಯರು ಅದೇ ಔಷಧವನ್ನು ಚರ್ಮದಡಿ ಚುಚ್ಚುವ ಇಂಜೆಕ್ಷನ್‌ಗೆ ಬದಲಾಯಿಸಿದರು. ಓಕರಿಕೆ ಮುಕ್ಕಾಲು ಪಾಲು ಇಳಿಯಿತು. ಭಾನುವಾರ ಮಧ್ಯಾಹ್ನದ ಸುಸ್ತು ಉಳಿದಿದೆ, ಸೋಮವಾರ ಬೆಳಿಗ್ಗೆ ಪಾಠಕ್ಕೆ ನಿಂತಾಗ ಅದೂ ಇರುವುದಿಲ್ಲ. ಅಡ್ಡಪರಿಣಾಮ ತಡೆಯಲಾಗದೆ ಔಷಧವನ್ನೇ ಸದ್ದಿಲ್ಲದೆ ಬಿಟ್ಟವರನ್ನು ನಾನು ಬಲ್ಲೆ. ಮಾತ್ರೆಗೆ ಇಂಜೆಕ್ಷನ್ನಿನ ರೂಪವೂ ಇದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಅದನ್ನು ನೆನೆದರೆ ಸಂಕಟವಾಗುತ್ತದೆ.

ಕಣ್ಣಿಗೆ ಕಾಣದ ಬೆಲೆಯೂ ಇದಕ್ಕಿದೆ. ಯಕೃತ್ತು ಮತ್ತು ರಕ್ತಕಣಗಳ ಮೇಲೆ ಪರಿಣಾಮ ಆಗಬಹುದಾದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು. ಮದ್ಯ ಮುಟ್ಟುವಂತಿಲ್ಲ. ಗರ್ಭಿಣಿಯರಿಗೆ ಇದೂ ನಿಷಿದ್ಧ. ಬಾಯಲ್ಲಿ ಹುಣ್ಣು, ಜ್ವರ, ಒಣಕೆಮ್ಮು ಬಂದರೆ ಮುಂದಿನ ಶನಿವಾರದವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಮೆಡಿಕಲ್ ಅಂಗಡಿಯಲ್ಲಿ ನೋವಿನ ಮಾತ್ರೆ ಕೇಳುವಾಗಲೂ ಇದನ್ನು ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳುತ್ತೇನೆ. ಕೋಟ್ರೈಮಾಕ್ಸಜೋಲ್ ಎಂಬ ಸಾಮಾನ್ಯ ಆಂಟಿಬಯಾಟಿಕ್ ಇದರೊಂದಿಗೆ ಸೇರಿದರೆ ಮೂಳೆಮಜ್ಜೆಗೇ ಅಪಾಯ.

ಅಪ್ರೆಮಿಲಾಸ್ಟ್ ಮೂರರಲ್ಲಿ ಹೊಸದು. 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು. ಪದೇ ಪದೇ ಪರೀಕ್ಷೆಗೆ ರಕ್ತ ಕೊಡುವ ಗೋಜಿಲ್ಲ. 10 ಮಿಲಿಗ್ರಾಂನಿಂದ ಶುರುಮಾಡಿ, ದಿನದಿಂದ ದಿನಕ್ಕೆ ಏರಿಸಿ, 6ನೆಯ ದಿನಕ್ಕೆ 30 ಮಿಲಿಗ್ರಾಂ ಎರಡು ಹೊತ್ತು ಎಂಬ ಪ್ರಮಾಣಕ್ಕೆ ತರುತ್ತಾರೆ. ಹಾಗೆ ನಿಧಾನವಾಗಿ ಏರಿಸಿದರೂ ನನಗೆ ಭೇದಿ ಹಿಡಿಯಿತು. ಮನೆಯಲ್ಲಿದ್ದರೆ ಹೇಗೋ ಆಗುತ್ತದೆ. ಮೊದಲ ಅವಧಿಯ ಪಾಠದ ನಡುವೆ ಅರವತ್ತು ಮಕ್ಕಳನ್ನು ಬಿಟ್ಟು ಓಡುವುದು ಹೇಗೆ? ಮೈಸೂರಿನ ಬಸ್ ಹತ್ತಬೇಕಾದ ದಿನ ತಿಂಡಿಯನ್ನೇ ಬಿಟ್ಟದ್ದುಂಟು. ತಲೆನೋವೂ ಜೊತೆಗಿತ್ತು, ತೂಕವೂ ಇಳಿಯಿತು. ಕೆಲವರಿಗೆ ಮನಸ್ಸು ಕುಗ್ಗಬಹುದು ಎಂದು ವೈದ್ಯರು ಹೆಂಡತಿಯನ್ನೂ ಕೂರಿಸಿಕೊಂಡು ಎಚ್ಚರಿಸಿದ್ದರು. ಅದೊಂದು ನನಗೆ ಆಗಲಿಲ್ಲ. ಕೆಲವು ವಾರಗಳಲ್ಲಿ ಹೊಟ್ಟೆ ಹಿಡಿತಕ್ಕೆ ಬಂತು. ಆದರೆ ಮಚ್ಚೆ ಇಳಿದದ್ದು ಮೆಥೋಟ್ರೆಕ್ಸೇಟ್‌ನಷ್ಟಲ್ಲ, ಖರ್ಚು ಅದಕ್ಕಿಂತ ಬಹಳ ಹೆಚ್ಚು.

ನನ್ನ ಆಯ್ಕೆ ಮೆಥೋಟ್ರೆಕ್ಸೇಟ್, ಇಂಜೆಕ್ಷನ್ ರೂಪದಲ್ಲಿ. ಅದು ವಾರದಲ್ಲಿ ಕೇಳುವುದು ಒಂದು ದಿನವನ್ನು, ಆ ದಿನ ಯಾವುದೆಂದು ನನಗೆ ಮೊದಲೇ ಗೊತ್ತು. ಮದುವೆ, ಮೌಲ್ಯಮಾಪನ, ಊರ ಹಬ್ಬ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಳ್ಳಬಹುದು. ಅಸಿಟ್ರೆಟಿನ್ ತೊಂದರೆ ಹಗುರವಾದರೂ ಅದರಿಂದ ಬಿಡುವು ಸಿಗಲಿಲ್ಲ. ಯಕೃತ್ತಿನ ದೋಷ ಇರುವವರು, ಕುಡಿತ ಬಿಡಲಾಗದವರು, ಮಗುವಿಗಾಗಿ ಕಾಯುತ್ತಿರುವ ದಂಪತಿಗಳು ನನ್ನ ಆಯ್ಕೆಯನ್ನು ತಮ್ಮದೆಂದು ತಿಳಿಯಬಾರದು.

ಮುಂದೆ ಎಂದಾದರೂ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿಗಳು ಏರಿದರೆ ಅಪ್ರೆಮಿಲಾಸ್ಟ್‌ಗೆ ಮರಳುವುದು ಎಂದು ವೈದ್ಯರೊಂದಿಗೆ ಮಾತಾಗಿದೆ. ಹಾಗಾದರೆ ಅದನ್ನು ಏಪ್ರಿಲ್‌ನಲ್ಲಿ, ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೇಲೆ ಶುರುಮಾಡಿಸಿ ಎಂದು ಈಗಲೇ ಕೇಳಿಕೊಂಡಿದ್ದೇನೆ.