ಗುಲ್ಮಾರ್ಗಕ್ಕೆ ಒಂದೇ ಜೊತೆ ಸ್ಕೀ: 98ರದ್ದೋ 112ರದ್ದೋ?

ನನ್ನ ಓಟು 98ಕ್ಕೆ, ಮೊದಲೇ ಹೇಳಿಬಿಡುತ್ತೇನೆ. ಸ್ಕೀ ಅಂದರೆ ಹಿಮದ ಮೇಲೆ ಜಾರಲು ಬೂಟಿಗೆ ಸಿಕ್ಕಿಸುವ ಉದ್ದ ಹಲಗೆ. ಪಾದದಡಿ 98 ಮಿ.ಮೀ. ಅಗಲದ ಆಲ್-ಮೌಂಟನ್ (ಎಲ್ಲ ಬಗೆಯ ಹಿಮಕ್ಕೂ ಆಗುವ) ಸ್ಕೀ ನನ್ನ ಸ್ವಂತದ್ದು. 112ರ ಪೌಡರ್ (ಮೆತ್ತನೆಯ ಹೊಸ ಹಿಮದ) ಸ್ಕೀ ಕಾಶ್ಮೀರದ ಗುಲ್ಮಾರ್ಗದಲ್ಲೇ ಬಾಡಿಗೆಗೆ ಹಿಡಿದದ್ದು. "ಜಾರಲಿಕ್ಕೆ ಎರಡೆರಡು ನಮೂನೆ ಯಾಕೆ ಮಾರಾಯಾ, ಮಳೆಗಾಲದಲ್ಲಿ ನಮ್ಮ ಬದಿಯಡ್ಕದ ಅಂಗಳಕ್ಕೆ ಇಳಿದರೆ ಸಾಲದಾ?" ಅಂತ ಭಾವನ ಕುಹಕ. ಅವನಿಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಹೊಸ ಹಿಮ ಮೊಣಕಾಲಿನವರೆಗೆ ಬಿದ್ದ ದಿನ 112ಕ್ಕೆ ಸಾಟಿಯಿಲ್ಲ. ಅಗಲಕ್ಕೆ ಭಾರ ಹರಡಿ ತೇಲುತ್ತದೆ, ಮೂತಿ ಹುಗಿಯುವುದಿಲ್ಲ. ಅದೇ ಇಳಿಜಾರಿನಲ್ಲಿ 98ಕ್ಕೆ ವೇಗ ಬೇಕು, ತೊಡೆಗೆ ಕೆಲಸ ಜಾಸ್ತಿ.

ತಕರಾರು ಉಳಿದ ದಿನಗಳದ್ದು. ಗೊಂಡೋಲಾದ (ಗುಲ್ಮಾರ್ಗದ ಕೇಬಲ್ ಕಾರಿನ) ಎರಡನೇ ಹಂತ ಅಫರ್ವಟ್ ಬೆಟ್ಟದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ಮುಟ್ಟಿಸುತ್ತದೆ. ಒಳ್ಳೆ ಹಿಮ ಇರುವುದೂ ಅಲ್ಲೇ. ಆದರೆ ಭಾರೀ ಹಿಮ ಬಿತ್ತೆಂದರೆ ಹಿಮಕುಸಿತದ ಭಯಕ್ಕೆ ಆ ಹಂತ ಮುಚ್ಚುತ್ತದೆ, ಗಸ್ತಿನವರು ನೋಡಿ ಸರಿ ಅಂದ ಮೇಲೆಯೇ ತೆರೆಯುವುದು. ಗಾಳಿ ಜೋರಾದರೂ ಇದೇ ಕತೆ. ಅಷ್ಟು ಹೊತ್ತು ನಾವು ಕೆಳಗೆ, ಜನ ಓಡಾಡಿ ಗಟ್ಟಿಯಾದ ಹಿಮದಲ್ಲಿ.

ಗಟ್ಟಿ ಹಿಮದಲ್ಲಿ ಹಿಡಿತವೆಲ್ಲ ಉಕ್ಕಿನ ಅಂಚಿನದ್ದು. 112ರಲ್ಲಿ ಆ ಅಂಚು ಪಾದದ ನಡುಗೆರೆಯಿಂದ 56 ಮಿ.ಮೀ. ದೂರ, ಬೂಟಿನ ಅಡಿಯಿಂದಲೂ ಆಚೆ. ಅಂಚು ಕಚ್ಚಿಸಲು ಹೊರಟರೆ ಹಿಮ ಸ್ಕೀಯನ್ನು ತಿರುಗಿ ಚಪ್ಪಟೆ ಮಾಡಲು ನೋಡುತ್ತದೆ, ಆ ತಿರುಚು ನೇರ ಮೊಣಕಾಲಿಗೆ. ಅಗಲ ಬಾಯಿಯ ಹಾರೆಯ ಮೂಲೆ ಕಲ್ಲಿಗೆ ತಾಗಿದರೆ ಹಿಡಿ ಕೈಯಲ್ಲೇ ತಿರುಚಿಕೊಳ್ಳುತ್ತದಲ್ಲ, ಹಾಗೆ. ಇಳಿಜಾರಿಗೆ ಅಡ್ಡವಾಗಿ ದೂರ ಹೋಗುವಾಗಂತೂ ಹಿಂಸೆ: ಕೆಳಗಿನ ಕಾಲನ್ನು ಬಿಡುವಿಲ್ಲದೆ ಒತ್ತಿ ಹಿಡಿದಿರಬೇಕು. ಅಡಿಕೆ ತೋಟದ ದರೆ ಹತ್ತಿಳಿದು ಸವೆದ ನನ್ನ ಮೊಣಕಾಲು ಮಧ್ಯಾಹ್ನಕ್ಕೇ ಮುಷ್ಕರ ಹೂಡಿತು.

ಸಾಲದ್ದಕ್ಕೆ 112ರ ಮೂತಿ, ಬಾಲ ಎರಡೂ ಮೇಲಕ್ಕೆ ಬಾಗಿರುವುದರಿಂದ ಗಟ್ಟಿ ನೆಲಕ್ಕೆ ತಾಗುವ ಅಂಚಿನ ಉದ್ದವೇ ಕಡಿಮೆ. ವೇಗ ಹೆಚ್ಚಿದರೆ ಮೂತಿ ಪಟಪಟ ಬಡಿಯುತ್ತದೆ. 98ರಲ್ಲಿ ಅಂಚಿಗೆ 49 ಮಿ.ಮೀ. ಏಳು ಮಿಲಿಮೀಟರು ಏನು ಮಹಾ ಅಂತ ಭಾವ ಕೇಳಬಹುದು. ಅವನು ಬಂದು ಒಮ್ಮೆ ಅಡ್ಡ ಹೋಗಿ ನೋಡಲಿ.

ಮಂಗಳೂರಿನಿಂದ ವಿಮಾನ, ಸಾಮಾನ್ಯ ಟಿಕೆಟಿಗೆ 15 ಕಿಲೋ ಲಗೇಜು. ಬೂಟು, ಒಂದು ಜೊತೆ ಸ್ಕೀ, ಬಟ್ಟೆ ತುಂಬಿದರೆ ಮುಗಿಯಿತು.

ಎರಡು ಜೊತೆ ಕೊಳ್ಳುವಷ್ಟು ಅಡಿಕೆ ನಮ್ಮಲ್ಲಿ ಆಗುವುದೂ ಇಲ್ಲ. ಕೊಂಡರೂ ನಮ್ಮ ಮಳೆಗಾಲ ಬಿಡಬೇಕಲ್ಲ! ಚಪ್ಪಲಿಗೇ ಬೂಷ್ಟು ಬರುವ ಮನೆಯಲ್ಲಿ ಉಕ್ಕಿನ ಅಂಚಿಗೆ ತುಕ್ಕು ಹಿಡಿಯದೇ? ಮೇ ಮುಗಿಯುವುದರೊಳಗೆ ಅಂಚು ಒರೆಸಿ ಒಣಗಿಸಿ, ತಳಕ್ಕೂ ಅಂಚಿಗೂ ದಪ್ಪಗೆ ಮೇಣ ಕರಗಿಸಿ ಬಳಿದು, ಕೆರೆಯದೆ ಹಾಗೇ ಬಿಟ್ಟು ಅಟ್ಟಕ್ಕೇರಿಸುತ್ತೇನೆ. ಒಂದು ಜೊತೆಗೇ ಇಸ್ತ್ರಿಪೆಟ್ಟಿಗೆ ಕೊಡಲಿಕ್ಕೆ ಮನೆಯವಳು ಗೊಣಗುತ್ತಾಳೆ.

ಚಳಿಗಾಲವಿಡೀ ಅಲ್ಲೇ ಇದ್ದು ಒಳ್ಳೆ ಹಿಮಕ್ಕೆ ಕಾಯಬಲ್ಲವರು 112 ಕೊಳ್ಳಲಿ. ರಜೆ ಲೆಕ್ಕ ಹಾಕಿ ಹೋಗುವ ನನ್ನಂಥವರಿಗೆ 98 ಸ್ವಂತಕ್ಕೆ; ಹೊಸ ಹಿಮ ಬಿದ್ದು ಮೇಲಿನ ಹಂತ ತೆರೆದ ದಿನಕ್ಕೆ ಮಾತ್ರ 112 ಬಾಡಿಗೆಗೆ. ಆಗ ಅಂಗಡಿಯವನಿಗೆ ನಿಮ್ಮ ತೂಕ ಹೇಳಿ, ಬೂಟಿನ ಅಡಿಯನ್ನೂ ತೋರಿಸಿ. ನಡೆಯಲು ಸುಲಭವಾಗುವಂಥ ಗ್ರಿಪ್‌ವಾಕ್ ಅಡಿ ಎಲ್ಲ ಹಳೆ ಬೈಂಡಿಂಗಿಗೂ (ಬೂಟನ್ನು ಸ್ಕೀಗೆ ಹಿಡಿದಿಟ್ಟು, ಬಿದ್ದಾಗ ಬಿಡುವ ಕೊಂಡಿಗೂ) ಹೊಂದುವುದಿಲ್ಲ, ಬಿದ್ದಾಗ ಬೂಟು ಬಿಟ್ಟುಕೊಳ್ಳದಿದ್ದರೆ ಮುರಿಯುವುದು ಕಾಲು.