ಮೂರು ಮಳೆಗಾಲ ಕಂಡ 50 ಲೀಟರ್ ಬ್ಯಾಗ್

ಈ ಟ್ರೆಕಿಂಗ್ ಬ್ಯಾಗ್ ತಗೊಂಡು ಮೂರು ವರ್ಷ ದಾಟಿತು. ಚಿತ್ರದುರ್ಗದವನಿಗೆ ಬಂಡೆ ಹತ್ತುವುದೇನು ಹೊಸದಲ್ಲ. ಆದರೆ ಕೋಟೆ ಹತ್ತುವಾಗ ಬೆನ್ನ ಮೇಲೆ 11 ಕೆಜಿ ಇರುವುದಿಲ್ಲ, ಅಲ್ವಾ?

ಮೊದಲ ಪರೀಕ್ಷೆ ನಮ್ಮೂರ ಹತ್ತಿರದ ಜೋಗಿಮಟ್ಟಿ ಬೆಟ್ಟದಲ್ಲಿ. ಒಂದೊಂದು ಲೀಟರಿನ ಹತ್ತು ಬಾಟಲಿ ನೀರು ತುಂಬಿಕೊಂಡು ಹೊರಟೆ. ಲೀಟರಿಗೆ ಒಂದು ಕೆಜಿ, ತಕ್ಕಡಿ ಬೇಕಿಲ್ಲ. ಮೇಲೆ ಗಿಡಕ್ಕೆ ಸುರಿದು ಬಂದರೆ ಇಳಿಯುವಾಗ ಮಂಡಿಯೂ ಉಳಿಯುತ್ತದೆ. ಅವತ್ತು ಭುಜ ಕಿತ್ತು ಬಂದಹಾಗಾಗಿತ್ತು. ತಪ್ಪು ನನ್ನದೇ, ಸೊಂಟದ ಪಟ್ಟಿಯನ್ನು ಹೊಟ್ಟೆಗೆ ಕಟ್ಟಿದ್ದೆ. ಅದು ಸೊಂಟದ ಮೂಳೆ ಮೇಲೆ ಕೂರಬೇಕು. ಮೊದಲು ಅದನ್ನು ಬಿಗಿದು ಆಮೇಲೆ ಭುಜದ ಪಟ್ಟಿ ಎಳೆಯಬೇಕು. ಅಷ್ಟು ಮಾಡಿದ ಮೇಲೆ ಭಾರ ಕಾಲಿಗಿಳಿಯಿತು.

ಆಮೇಲೆ ಚಿಕ್ಕಮಗಳೂರು ಕಡೆ ಮೂರು ದಿನದ ಸುತ್ತು. ಕಾಯ್ದಿಟ್ಟ ಕಾಡಿನಲ್ಲಿ ಸುಮ್ನೆ ಟೆಂಟ್ ಹೊಡೆಯುವ ಹಾಗಿಲ್ಲ. ಹಾಗಾಗಿ ಎಲ್ಲೆಲ್ಲಿ ಹೋಂಸ್ಟೇ ಇದೆ ನೋಡಿ, ಅದರ ಮೇಲೆ ದಾರಿ ಹಾಕಿದೆವು. ಟೆಂಟ್ ಬೇಡವಾಯಿತು, 50 ಲೀಟರ್ ಧಾರಾಳ. ಆದರೂ ಮನೆಯವಳು ಕಟ್ಟಿಕೊಟ್ಟ ಮಂಡಕ್ಕಿ ಅರ್ಧ ಬ್ಯಾಗ್ ನುಂಗಿತು. ಮುಂದಿನ ಸಲದಿಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಮಾತ್ರ.

ಮಳೆಯಲ್ಲಿ ಇದರ ಬಣ್ಣ ಬಯಲಾಯಿತು. ಜೊತೆಗೆ ಕೊಟ್ಟ ಮಳೆ ಕವರ್ ಹೊರಗಿನ ನೀರು ತಡೆಯುತ್ತದೆ, ನಿಜ. ಆದರೆ ನಮ್ಮ ಬೆನ್ನಿನ ಮೇಲೆ ಹರಿದ ನೀರು, ಕವರ್ ಮುಚ್ಚದ ಬೆನ್ನಿನ ಕಡೆಯಿಂದ ಬ್ಯಾಗಿಗೆ ನುಗ್ಗುತ್ತದೆ. ರಾತ್ರಿ ತೆಗೆದರೆ ಒಣ ಬಟ್ಟೆ ಅಂತ ಇಟ್ಟಿದ್ದೆಲ್ಲ ತೊಪ್ಪೆ, ಕಾಲುಚೀಲದಲ್ಲಿ ಎರಡು ಇಂಬಳ ಬೇರೆ. ಈಗ ಗೊಬ್ಬರದ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ತೊಳೆದು, ಬಟ್ಟೆಯೆಲ್ಲ ಅದರೊಳಗೆ ಹಾಕಿ ಬಾಯಿ ತಿರುಚಿ ಕಟ್ಟುತ್ತೇನೆ. ಒಂದು ಹನಿ ಹೋಗಿಲ್ಲ.

ಎರಡನೇ ವರ್ಷ ಎಡಭುಜದ ಹೊಲಿಗೆ ಬಿಟ್ಟಿತು. ಕಂಪನಿಗೆ ಬರೆದರೆ ಬಿಲ್ ಕೇಳಿದರು, ಬಿಲ್ ಕಳಿಸಿದರೆ ಸುದ್ದಿಯೇ ಇಲ್ಲ. ಸಂತೆಹೊಂಡದ ಹತ್ತಿರ ಚಪ್ಪಲಿ ಹೊಲಿಯುವ ಅಜ್ಜ ನೈಲಾನ್ ದಾರ ಹಾಕಿ ಕೊಟ್ಟರು, 60 ರೂಪಾಯಿ. ಬಲಭುಜದ್ದಕ್ಕಿಂತ ಅದೇ ಗಟ್ಟಿ.

ಈ ವರ್ಷ ಒಳಗಿನ ಲೇಪ ಬಿಳಿ ಹೊಟ್ಟಿನಂತೆ ಉದುರುತ್ತಿದೆ. ಒದ್ದೆಯಲ್ಲೇ ಮಡಚಿ ಅಟ್ಟಕ್ಕೆ ಹಾಕಿದ್ದೆ, ತೇವ ಮತ್ತು ಸೆಕೆ ಸೇರಿ ತಿಂದಿದೆ. ಅದಕ್ಕೆ ಕಂಪನಿಯನ್ನು ಬೈಯಲ್ಲ.

ಐದಕ್ಕೆ ಮೂರೂವರೆ ಅಂಕ. ಕೆಳಗಿನ ಜಿಪ್ ಹಿಡಿದುಕೊಳ್ಳುತ್ತದೆ, ಮೇಣದಬತ್ತಿ ಉಜ್ಜಿದರೆ ಓಡುತ್ತದೆ.