ಮೂಗು ತೊಳೆಯಲು ಯಾವುದು ವಾಸಿ: ನೇತಿ ಲೋಟವೋ, ಹಿಸುಕುವ ಬಾಟಲಿಯೋ, ಸಲೈನ್ ಸ್ಪ್ರೇಯೋ?

ಧೂಳು, ಮರದ ಪರಾಗ, ಖಾಲಿ ಸೈಟಿನ ಕಾಂಗ್ರೆಸ್ ಗಿಡ. ಬೆಂಗಳೂರಿನಲ್ಲಿ ಮೂಗು ಕಟ್ಟುವುದಕ್ಕೆ ಕಾರಣಗಳ ಬರವಿಲ್ಲ. ಉಪ್ಪುನೀರಿನಲ್ಲಿ ತೊಳೆದರೆ ಹಗುರಾಗುತ್ತದೆ ಎಂಬುದಕ್ಕೆ ಯೋಗದವರದ್ದೂ ತಕರಾರಿಲ್ಲ, ಇಎನ್‌ಟಿ ವೈದ್ಯರದ್ದೂ ಇಲ್ಲ. ಯಾವುದರಲ್ಲಿ ತೊಳೆಯಬೇಕು ಎಂಬಲ್ಲಿ ಮಾತ್ರ ಜಗಳ. ಎಲ್ಲವನ್ನೂ ಬಳಸಿ ನೋಡಿದ ಮೇಲೆ ನಮ್ಮ ಮತ ಇಷ್ಟು: ದಿನನಿತ್ಯದ ಅಲರ್ಜಿಗೆ ಸ್ಟೀಲಿನ ನೇತಿ ಲೋಟ (ಯೋಗದವರು ಮೂಗು ತೊಳೆಯಲು ಬಳಸುವ ಮೂತಿಯ ಲೋಟ) ಸಾಕು, ಗಟ್ಟಿ ಸಿಂಬಳ ಕೂತ ಸೈನಸ್‌ಗೆ ಬಾಟಲಿಯೇ ಬೇಕು, ಸ್ಪ್ರೇ ಪ್ರಯಾಣದ ಚೀಲದಲ್ಲಿರಲಿ.

ಮೊದಲು ನೀರಿನ ಮಾತು. ಇಲ್ಲಿ ತಪ್ಪಿದರೆ ಪಾತ್ರೆ ಯಾವುದಾದರೇನು? ಅಳತೆ ಲೀಟರಿಗೆ 9 ಗ್ರಾಂ ಉಪ್ಪು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಮಾನ್ಯವಾಗಿ 1 ಗ್ರಾಂಗಿಂತ ಕೆಳಗೆ ತೂಗುವುದಿಲ್ಲ. ಹಾಗಾಗಿ 250 ಮಿಲಿಗೆ 2.25 ಗ್ರಾಂ ತೂಗಲು ಹೆಣಗುವುದಕ್ಕಿಂತ ಒಂದು ಲೀಟರ್ ಒಟ್ಟಿಗೇ ಮಾಡಿ, ಉಳಿದದ್ದನ್ನು ಮರುದಿನಕ್ಕೆ ಚೆಲ್ಲಿಬಿಡಿ. ತಕ್ಕಡಿ ಇಲ್ಲವೇ? 5 ಮಿಲಿಯ ಚಮಚದಲ್ಲಿ ಪುಡಿ ಉಪ್ಪು ಮಟ್ಟಸವಾಗಿ ಒಂದೂವರೆ. ಕಲ್ಲುಪ್ಪು ಚಮಚದ ಲೆಕ್ಕಕ್ಕೆ ಸಿಗುವುದಿಲ್ಲ, ಹರಳುಗಳ ನಡುವೆ ಗಾಳಿಯೇ ಹೆಚ್ಚು. ಉಪ್ಪು ಕಡಿಮೆಯಾದರೆ ಮೂಗಿನ ಒಳಪದರದ ಕೋಶಗಳು ನೀರು ಹೀರಿ ಉಬ್ಬುತ್ತವೆ, ಹಣೆಯವರೆಗೆ ಚುರುಗುಟ್ಟುತ್ತದೆ. ಹೆಚ್ಚಾದರೂ ಉರಿಯೇ, ಜೊತೆಗೆ ಮೂಗು ಸೋರುತ್ತಲೇ ಇರುತ್ತದೆ. ಅಳತೆ ಸರಿಯಿದ್ದೂ ಉರಿದರೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿ.

ನೀರನ್ನು ಕುದಿಸಲೇಬೇಕು. ಮಳ್ಳಿದ ಮೇಲೆ ಪೂರ್ತಿ 1 ನಿಮಿಷ, ಆಮೇಲೆ ಮುಚ್ಚಿಟ್ಟು ಉಗುರುಬೆಚ್ಚಗಾಗುವವರೆಗೆ ಆರಿಸಿ. ಆರ್‌ಒ ನೀರು ಕುಡಿಯಲು ಸರಿ, ಕುದಿಸದೆ ಮೂಗಿಗೆ ಬೇಡ. ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಹೊಟ್ಟೆಗೆ ಹೋದರೆ ಏನೂ ಮಾಡದು. ಮೂಗಿನಿಂದ ಹೋದರೆ ವಾಸನೆಯ ನರ ಹಿಡಿದು ಮಿದುಳಿಗೇ ಹತ್ತುತ್ತದೆ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿಕೊಂಡ ಇಬ್ಬರು ಹೀಗೆ ತೀರಿಕೊಂಡರು. 2025ರಲ್ಲಿ ಕೇರಳದಲ್ಲಿ ಪ್ರಕರಣಗಳು ಹೆಚ್ಚಿದಾಗ ಕರ್ನಾಟಕದ ಆರೋಗ್ಯ ಇಲಾಖೆ ಶಬರಿಮಲೆ ಯಾತ್ರಿಕರಿಗೆ ನಿಂತ ನೀರು ಮೂಗಿಗೆ ಹೋಗದಂತೆ ನೋಡಿಕೊಳ್ಳಿ ಎಂದದ್ದೂ ಇದಕ್ಕೇ. ಬೋರ್‌ವೆಲ್ ನೀರಾದರೆ ಕುದಿಸಿದ ಮೇಲೆ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ.

ನೇತಿ ಲೋಟದ ಗುಣವೂ ಮಿತಿಯೂ ಒಂದೇ: ನೀರು ತನ್ನ ಭಾರಕ್ಕೇ ಹರಿಯುತ್ತದೆ, ನೂಕುಬಲವಿಲ್ಲ. ಬೇಸಿನ್ ಮೇಲೆ ಬಗ್ಗಿ, ತಲೆಯನ್ನು ಪಕ್ಕಕ್ಕೆ ವಾಲಿಸಿ, ಮೇಲಿನ ಹೊಳ್ಳೆಗೆ ಮೂತಿಯನ್ನು ಸಂದಿಲ್ಲದಂತೆ ಒತ್ತಿ. ಬಾಯಿ ತೆರೆದು ಬಾಯಲ್ಲೇ ಉಸಿರಾಡಿ. ಸ್ವಲ್ಪ ಹೊತ್ತಿಗೆ ಕೆಳಗಿನ ಹೊಳ್ಳೆಯಿಂದ ಧಾರೆ ಬರುತ್ತದೆ. ಗಂಟಲಿಗೆ ಇಳಿಯುತ್ತಿದ್ದರೆ ಗದ್ದ ಮೇಲೆದ್ದಿದೆ ಎಂದರ್ಥ, ಹಣೆ ಮತ್ತು ಗದ್ದ ಒಂದೇ ಮಟ್ಟಕ್ಕೆ ಬರಲಿ. ಅರ್ಧ ಲೋಟ ಒಂದು ಕಡೆ, ಉಳಿದರ್ಧ ಇನ್ನೊಂದು ಕಡೆ. ತಾಮ್ರದ ಲೋಟ ನೋಡಲು ಚೆಂದ, ಆದರೆ ಉಪ್ಪುನೀರು ತಾಗಿ ಮೂತಿಯ ಒಳಗೆ ಕಿಲುಬು ಕಟ್ಟುತ್ತದೆ, ಅಲ್ಲಿಗೆ ಬ್ರಷ್ಷೂ ಹೋಗದು. ಸ್ಟೀಲಾದರೆ ನೀರಿನೊಡನೆ ಲೋಟವನ್ನೂ ಕುದಿಸಬಹುದು. ನಮ್ಮ ಓಟು ಅದಕ್ಕೆ ಬಿದ್ದದ್ದು ಈ ಒಂದೇ ಕಾರಣಕ್ಕೆ.

ಹಿಸುಕುವ ಬಾಟಲಿಯಲ್ಲಿ ಸುಮಾರು 240 ಮಿಲಿ ಹಿಡಿಯುತ್ತದೆ. ಮುಚ್ಚಳದಿಂದ ಒಂದು ಕೊಳವೆ ತಳದವರೆಗೆ ಇಳಿದಿರುತ್ತದೆ. ಇಲ್ಲಿ ತಲೆ ವಾಲಿಸುವುದು ಬೇಡ, ಮುಂದಕ್ಕೆ ಬಗ್ಗಿದರೆ ಸಾಕು. ಲೋಟದ ನೀರು ಅಂಟಿಕೊಂಡ ಹಳದಿ ಸಿಂಬಳದ ಪಕ್ಕದಲ್ಲೇ ಹರಿದು ಹೋಗುತ್ತದೆ, ಬಾಟಲಿಯದು ಅದನ್ನು ಕಿತ್ತು ತರುತ್ತದೆ. ಸೈನಸ್ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಇದನ್ನೇ ಹೇಳುವುದು ಅದಕ್ಕೆ. ಆದರೆ ಬಲ ಜಾಸ್ತಿಯಾದರೆ ನೀರು ಕಿವಿಯ ಕಡೆಗೆ ನುಗ್ಗಿ ಗುಂಯ್ ಎನ್ನುತ್ತದೆ. ಹಿಸುಕುವಾಗ ‘ಕ... ಕ...’ ಎನ್ನುತ್ತಿದ್ದರೆ ಮೃದು ಅಂಗುಳ ಮೇಲೆದ್ದು ಗಂಟಲ ದಾರಿ ಮುಚ್ಚುತ್ತದೆ. ಇನ್ನೊಂದು ಎಡವಟ್ಟು ಬಹಳ ಜನ ಗಮನಿಸುವುದಿಲ್ಲ: ಹೊಳ್ಳೆಯಲ್ಲಿಟ್ಟೇ ಕೈ ಸಡಿಲಿಸಿದರೆ ಬಾಟಲಿ ಉಬ್ಬಿ ಸಿಂಬಳವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಅದೇ ನೀರು ಇನ್ನೊಂದು ಹೊಳ್ಳೆಗೆ. ಮೊದಲು ಮೂಗಿನಿಂದ ತೆಗೆಯಿರಿ, ಆಮೇಲೆ ಕೈ ಬಿಡಿ. ಕೊಳವೆಯನ್ನು ದಿನವೂ ಬಿಚ್ಚಿ ಒಣಗಿಸದಿದ್ದರೆ ಮಳೆಗಾಲದಲ್ಲಿ ಒಳಗೆ ಕಪ್ಪು ಬೂಷ್ಟು ಬರುತ್ತದೆ. 3 ತಿಂಗಳಿಗೊಮ್ಮೆ ಬಾಟಲಿ ಬದಲಿಸಿ.

ಎರಡರಲ್ಲೂ ಮುಗಿದ ಮೇಲೆ ಒಂದು ಹೊಳ್ಳೆ ಒತ್ತಿ ಜೋರಾಗಿ ಗಾಳಿ ಬಿಡಬೇಡಿ, ಕಿವಿನೋವು ಶುರುವಾಗುವುದು ಅಲ್ಲಿಂದಲೇ. ಬಗ್ಗಿ, ಎರಡೂ ಹೊಳ್ಳೆ ತೆರೆದು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಮೆಲ್ಲಗೆ ಗಾಳಿ ಬಿಡಿ. ಆದರೂ ಚೂರು ನೀರು ಉಳಿದಿದ್ದು, ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ತಟ್ಟನೆ ಸುರಿಯುತ್ತದೆ. ಹೊರಡುವ ಮುಂಚೆ, ಮಲಗುವ ಮುಂಚೆ ಅರ್ಧ ಗಂಟೆ ಬಿಡುವಿರಲಿ. ಮೂಗು ಎರಡೂ ಕಡೆ ಪೂರ್ತಿ ಬಂದ್ ಆಗಿದ್ದರೆ, ಕಿವಿ ಸೋರುತ್ತಿದ್ದರೆ, ಮೂಗಿನಿಂದ ರಕ್ತ ಬರುತ್ತಿದ್ದರೆ ಆ ದಿನ ಯಾವುದೂ ಬೇಡ.

ಸೂಜಿ ತೆಗೆದ 20 ಮಿಲಿ ಸಿರಿಂಜ್ ಅಗ್ಗ, ಆದರೆ ಮತ್ತೆ ಮತ್ತೆ ತುಂಬಿಸುವುದರಲ್ಲೇ ಬೇಸರ ಬರುತ್ತದೆ. ಹಬೆ ತೆಗೆದುಕೊಂಡರೆ ಆ ಹೊತ್ತಿಗೆ ಹಾಯೆನಿಸುವುದು ನಿಜ, ಆದರೆ ಅದು ಏನನ್ನೂ ತೊಳೆಯುವುದಿಲ್ಲ. ಪಾತ್ರೆ ಮಗುಚಿ ಮಕ್ಕಳ ಮೈ ಸುಡುವ ಅಪಾಯ ಬೇರೆ.

ಸ್ಪ್ರೇ ಒಳಪದರವನ್ನು ಒದ್ದೆ ಮಾಡುತ್ತದೆ, ತೊಳೆಯುವುದಿಲ್ಲ. 2007ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ತಂಡ 127 ಜನರಲ್ಲಿ 8 ವಾರ ಹೋಲಿಸಿ ನೋಡಿದಾಗಲೂ ಹೆಚ್ಚು ನೀರಿನಿಂದ ತೊಳೆದುಕೊಂಡವರಿಗೇ ಹೆಚ್ಚು ಆರಾಮ ಸಿಕ್ಕಿತ್ತು. ಎಸಿ ಬಸ್ಸಿನಲ್ಲಿ, ವಿಮಾನದಲ್ಲಿ ಮೂಗು ಒಣಗಿದಾಗ ಮಾತ್ರ ಸ್ಪ್ರೇಗೆ ಸಾಟಿಯಿಲ್ಲ. ಕೊಳ್ಳುವಾಗ ‘ಮೂಗಿನ ಸ್ಪ್ರೇ ಕೊಡಿ’ ಎಂದಷ್ಟೇ ಕೇಳಬೇಡಿ, ‘ಸಲೈನ್’ ಎನ್ನಿ. ಲೇಬಲ್‌ನಲ್ಲಿ ಸೋಡಿಯಂ ಕ್ಲೋರೈಡ್ ಇರಬೇಕು. ಆಕ್ಸಿಮೆಟಾಜೋಲಿನ್ ಅಥವಾ ಝೈಲೋಮೆಟಾಜೋಲಿನ್ ಎಂದಿದ್ದರೆ ಅದು ಔಷಧ. ನಿಮಿಷಗಳಲ್ಲಿ ಮೂಗು ಬಿಡಿಸುತ್ತದೆ, ಆದರೆ ಕೆಲವೇ ದಿನ ಎಡೆಬಿಡದೆ ಬಳಸಿದರೂ ಬಿಟ್ಟಾಗ ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ.